ಇಲ್ಲದ ಜೇಡದ ಹಾವಳಿ

ಹುಚ್ಚಿನಲ್ಲಿ ನಾನಾ ಬಗೆ. ಒಬ್ಬನಿಗೆ ಕುದುರೆಬಾಲದ ಹುಚ್ಚು, ಒಬ್ಬನಿಗೆ ಇಸ್ಪೀಟಿನ ಹುಚ್ಚು, ಇನ್ನೊಬ್ಬನಿಗೆ ಪಕ್ಕದ ಮನೆ ಸುದ್ದಿಯ ಹುಚ್ಚು. ನಮ್ಮ ನೆವಿಲ್ ಓಲ್ಡ್ರಾಯ್ಡ್‌ಗೆ ಹತ್ತಿದ್ದು ಉಜ್ಜುವ ಹುಚ್ಚು. ಅದರಿಂದ ಹಾಕ್ಸ್‌ಬೆಕ್ ಊರಿಗೆ ಊರೇ ಹೇಗೆ ನಡುಗಿಹೋಯಿತು ಅನ್ನುವುದನ್ನು ಹೇಳಲು ನನಗಿಂತ ಅರ್ಹ ಮನುಷ್ಯ ಇಡೀ ಯಾರ್ಕ್‌ಶೈರಿನಲ್ಲಿ ಸಿಕ್ಕುವುದಿಲ್ಲ. ನಾನು ಈ ಊರಿನ ಕ್ಷೌರಿಕ, ಹೆಸರು ಲೆನ್. ನನ್ನ ಅಂಗಡಿಯ ಎದುರಿಗೇ ಅವನ ಮನೆ. ಕೈ ಗಿರಾಕಿಯ ತಲೆಯ ಮೇಲಿದ್ದರೂ ನನ್ನ ಕಣ್ಣು ಎದುರುಮನೆಯ ಅಂಗಳದಲ್ಲೇ ಇರುತ್ತದೆ. ಇದರಿಂದ ಒಂದೆರಡು ಕಿವಿಗಳಿಗೆ ಸ್ವಲ್ಪ ತೊಂದರೆ ಆಗಿರಬಹುದು, ಅದು ಬೇರೆ ವಿಷಯ.

ಮೊದಲು ನೆವಿಲ್‌ನ ಹೆಂಡತಿ ಡೋರೀನಳ ವಿಷಯ ಹೇಳಬೇಕು, ಎಲ್ಲ ಶುರುವಾದದ್ದು ಅವಳ ಆಸೆಯಿಂದ. ಡೋರೀನ್ ಶಾಲೆಯ ಅಡುಗೆಮನೆಯಲ್ಲಿ ಆಯುಸ್ಸು ಸವೆಸಿದವಳು. ಊರಿನ ಅರ್ಧ ಜನ ಅವಳು ಬಡಿಸಿದ ಗಂಟುಗಂಟು ಕಸ್ಟರ್ಡ್ ತಿಂದೇ ಬೆಳೆದವರು. ಆ ಗಂಟಿಗೆ ಅವಳು ಕಾರಣಳಲ್ಲ. ಪುಡಿ ಮೇಲಿನಿಂದ ಬರುತ್ತಿತ್ತು, ಅಳತೆಯೂ ಮೇಲಿನಿಂದಲೇ ಬರುತ್ತಿತ್ತು. ಆದರೂ ಈಗಲೂ ಮೀಸೆ ಬಂದ ಗಂಡಸರು ಅವಳನ್ನು ಬೀದಿಯಲ್ಲಿ ಕಂಡರೆ, “ಏನ್ ಡೋರೀನ್, ಇವತ್ತು ಕಸ್ಟರ್ಡ್‌ನ ಚಾಕೂಲಿ ಕೊಯ್ದ್ಯಾ, ಗರಗಸದಲ್ಲಿ ಕೊಯ್ದ್ಯಾ?” ಎಂದು ಕಿಚಾಯಿಸುತ್ತಾರೆ. ಅವಳು ನಗುತ್ತಾಳೆ. ನಿವೃತ್ತಿಯಾದ ವಾರ ಮಾತ್ರ ನನ್ನೆದುರು ನಗಲಿಲ್ಲ.

“ಲೆನ್, ಸಾಯೋದ್ರೊಳಗೆ ಒಂದ್ಸಲ, ನನಗೆ ಬೇಕಾದ್ದನ್ನ ನನಗೆ ಬೇಕಾದ ಹಾಗೆ ಮಾಡಿ, ನನ್ನದೇ ಕಿಟಕೀಲಿ ನಿಂತ್ಕೊಂಡು ಜನಕ್ಕೆ ಕೊಡ್ಬೇಕು ಕಣೋ. ಒಳ್ಳೇ ಚಹಾ, ಶುಂಠಿ ಹಾಕಿದ ಪಾರ್ಕಿನ್ ಕೇಕು. ಅಷ್ಟೇ.”

ಅಷ್ಟೇ ಅಂದರೆ ಅಷ್ಟಕ್ಕೇ ನಿಲ್ಲುತ್ತದೆಯೇ? ನೆವಿಲ್ ಬಸ್ ಡಿಪೋದಲ್ಲಿ ಟೈರುಗಳಿಗೆ ಗಾಳಿ ತುಂಬಿ ನಿವೃತ್ತನಾದವನು. ಸಾಧು ಪ್ರಾಣಿ. ಆದರೆ ಹೆಂಡತಿ ಏನಾದರೂ ಕೇಳಿದರೆ ಸಾಕು, ಅವನ ತಲೆಗೇ ಗಾಳಿ ತುಂಬಿಕೊಳ್ಳುತ್ತದೆ. “ಮಾಮೂಲಿ ಬಂಡಿ ಯಾಕೆ? ಅಮೆರಿಕದಿಂದ ತರಿಸ್ತೀನಿ ತಡಿ!” ಅಂದ. ಹಳೇ ಕಾಲದ ಅಮೆರಿಕನ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ, ಅಲ್ಯೂಮಿನಿಯಂ ಮೈಯ, ಮೊಟ್ಟೆಯ ಆಕಾರದ ಮನೆ. ಅಂಥದ್ದನ್ನು ತರಿಸಿ, ಸರಿಮಾಡಿ, ಕಿಟಕಿ ಕೊರೆದು ಚಹಾ ಮಾರುವುದು ಈಗ ನಮ್ಮ ದೇಶದಲ್ಲಿ ದೊಡ್ಡ ಶೋಕಿ. ಅರಿಜೋನಾದ ಮರಳುಗಾಡಿನಲ್ಲಿ ನಿಂತ ಒಂದರ ಫೋಟೋವನ್ನು ನೆವಿಲ್ ಕಂಪ್ಯೂಟರಿನಲ್ಲಿ ನೋಡಿದ, ಮನಸೋತ, ಡೋರೀನಳ ನಿವೃತ್ತಿಯ ಹಣದಲ್ಲಿ ಕೊಂಡೇಬಿಟ್ಟ.

ಅದು ಹಡಗಿನಲ್ಲಿ ಬಂದು, ಲಾರಿ ಏರಿ, ನಮ್ಮ ಬೀದಿಯಲ್ಲಿ ಇಳಿದ ದಿನ ನಾನು ಅಂಗಡಿಗೆ ರಜೆ ಹಾಕಿದೆ. ಬೀದಿಯೆಲ್ಲ ಜನ. ಮೊದಲು ಕಣ್ಣಿಗೆ ಬಿದ್ದದ್ದು ಬಾಗಿಲು. ಅಮೆರಿಕದವರು ರಸ್ತೆಯ ಬಲಗಡೆ ಓಡಿಸುವ ಜನ, ಬಾಗಿಲನ್ನೂ ಬಲಗಡೆಗೇ ಇಟ್ಟಿದ್ದರು. ನಮ್ಮ ರಸ್ತೆಯಲ್ಲಿ ಆ ಬಾಗಿಲಿನಿಂದ ಇಳಿದವನು ನೆಟ್ಟಗೆ ಬಸ್ಸಿನ ಚಕ್ರದ ಕೆಳಗೇ ಇಳಿಯಬೇಕು.

“ಭಾವ, ಒಳ್ಳೇ ಗಾಡೀನೇ ತಂದಿದೀರಿ,” ಅಂದ ಡೋರೀನಳ ತಮ್ಮ ಡೆಸ್ಮಂಡ್. “ಚಹಾ ಕುಡ್ದು ಇಳಿಯೋರಿಗೆ ಪಾರ್ಕಿನ್ ಜೊತೆ ಒಂದು ಇನ್ಶೂರೆನ್ಸೂ ಮಾಡಿಸ್ಕೊಟ್ಬಿಡಿ.”

ಈ ಡೆಸ್ಮಂಡ್‌ಗೆ ಒಂದು ಸಾಸೇಜು ಬಂಡಿ ಇದೆ. ನಮ್ಮೂರಿನ ಬೇಸಿಗೆ ಮೇಳದಲ್ಲಿ, ಅಂದರೆ ಕುರಿ, ಈರುಳ್ಳಿ, ಕೇಕು ಎಲ್ಲಕ್ಕೂ ಬಹುಮಾನ ಕೊಡುವ ಮೇಳದಲ್ಲಿ, ಹೆಬ್ಬಾಗಿಲ ಪಕ್ಕದ ಜಾಗ ತಲೆತಲಾಂತರದಿಂದ ಅವನದು. ಈ ಸಲ ಮೇಳದ ಸಮಿತಿ ಅಮೆರಿಕದ ಟ್ರೇಲರಿನ ಹೆಸರು ಕೇಳಿಯೇ ಮರುಳಾಗಿ ಆ ಜಾಗವನ್ನು ಡೋರೀನ್‌ಗೆ ಕೊಟ್ಟಿತ್ತು. ಷರತ್ತು ಒಂದೇ: ಮೇಳದ ದಿನ ಬಂಡಿ ಸಿದ್ಧವಾಗಿರಬೇಕು. ಇಲ್ಲದಿದ್ದರೆ ಜಾಗ ಮತ್ತೆ ಡೆಸ್ಮಂಡ್‌ಗೆ, ಡೋರೀನ್‌ಗೆ ಇನ್ನು ಯಾವತ್ತೂ ಇಲ್ಲ. ಅವಳು ಅವತ್ತೇ ಅಂಗಡಿಗೆ ಹೋಗಿ ಪರದೆಗೆ ಬಟ್ಟೆ ತಂದಳು.

ನೆವಿಲ್ ಅವತ್ತೇ ಉಜ್ಜಲು ಕೂತ. ತಟ್ಟೆಯಗಲ ಜಾಗಕ್ಕೆ ಪಾಲಿಷ್ ಹಚ್ಚಿ ತಿಕ್ಕಿದ. ಮಂಕು ಹೋಗಿ ಕನ್ನಡಿ ಬಂತು, ಕನ್ನಡಿಯೊಳಗೆ ಅವನ ಮೂಗು ಬಂತು. ಅಲ್ಲಿಗೆ ಮನುಷ್ಯ ಕೆಟ್ಟ. ಚಳಿಗಾಲವಿಡೀ ಟೋಪಿ ಹಾಕಿಕೊಂಡು, ಕಿವಿಯವರೆಗೆ ಮಸಿ ಮೆತ್ತಿಕೊಂಡು ಉಜ್ಜಿದ್ದೇ ಉಜ್ಜಿದ್ದು. ವಸಂತ ಬರುವಷ್ಟರಲ್ಲಿ ಬೀದಿಯೆಲ್ಲ ಆ ಬಂಡಿಯೊಳಗೆ ಕಾಣುತ್ತಿತ್ತು. ಹೆಂಗಸರು ಅದರೆದುರು ನಿಂತು ಲಿಪ್‌ಸ್ಟಿಕ್ ಸರಿಮಾಡಿಕೊಳ್ಳುವರು. ನನ್ನ ಗಿರಾಕಿಗಳು ನಾನು ಹಿಡಿದ ಕನ್ನಡಿ ಸಾಲದೆಂದು ಕೊರಳಿನ ಬಟ್ಟೆ ಸಮೇತ ರಸ್ತೆ ದಾಟಿ ಹೋಗಿ ಹಿಂತಲೆ ನೋಡಿಕೊಂಡು ಬಂದು, “ಎಡಗಡೆ ಇನ್ನೂ ಸ್ವಲ್ಪ ತೆಗಿ ಲೆನ್,” ಅನ್ನುವರು. ವ್ಯಾಪಾರ ಮಾಡುವವನಿಗೆ ಇದಕ್ಕಿಂತ ಅವಮಾನ ಬೇಕೇ?

ಆದರೆ ಒಳಗೆ? ಹೊರಗೆ ಥಳುಕು, ಒಳಗೆ ಹುಳುಕು ಅನ್ನುವ ಗಾದೆಯನ್ನು ಹಿರಿಯರು ಈ ಬಂಡಿ ನೋಡಿಯೇ ಕಟ್ಟಿರಬೇಕು. ಒಳಗೆ ನೆಲವೇ ಇರಲಿಲ್ಲ. ಇತ್ತು, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಇತ್ತು. ಮೊದಲ ದಿನವೇ ನೆವಿಲ್ ಒಳಗೆ ಕಾಲಿಟ್ಟ, ಕಾಲು ನೆಲ ತೂರಿ ಕೆಳಗಿನ ಹುಲ್ಲು ಮುಟ್ಟಿತು. ಆ ಕಾಲನ್ನು ಎಳೆದು ಹೊರಗೆ ತೆಗೆದವನು ನಾನು, ಆದ್ದರಿಂದ ವಿಷಯ ನನಗೊಬ್ಬನಿಗೇ ಗೊತ್ತು.

“ಡೋರೀನ್‌ಗೆ ಹೇಳ್ಬೇಡ ಲೆನ್. ಅವಳ ದುಡ್ಡು ಕಣೋ. ಫೋಟೋದಲ್ಲಿ ನೆಲ ಕಾಣ್ತಿರ್ಲಿಲ್ಲ.”

“ಹಾಗಾದ್ರೆ ಮೊದ್ಲು ನೆಲ ಹಾಕೋ ಮಾರಾಯ, ಉಜ್ಜೋದು ಆಮೇಲೆ.”

“ಹಾಕ್ತೀನಿ, ಹಾಕ್ತೀನಿ. ಈ ಮೂಲೆ ಒಂದು ಉಜ್ಜಿಬಿಟ್ಟು ಹಾಕ್ತೀನಿ.”

ಮೊಟ್ಟೆಗೆ ಮೂಲೆ ಎಲ್ಲಿಂದ ಬರಬೇಕು? ಬಾಗಿಲಿಗೆ ಬೀಗ ಬಿತ್ತು. ಡೋರೀನ್ ಕೇಳಿದಾಗಲೆಲ್ಲ, “ಒಳಗೆ ವಾರ್ನಿಷ್ ಒಣಗ್ತಿದೆ, ನಿನಗೆ ಆಶ್ಚರ್ಯ ಕಾದಿದೆ,” ಅನ್ನುತ್ತಿದ್ದ. ಆಶ್ಚರ್ಯ ಕಾದಿದ್ದದ್ದು ಮಾತ್ರ ನಿಜ.

ಮೇಳಕ್ಕೆ ಕೆಲವೇ ವಾರ ಇದೆ ಅನ್ನುವಾಗ, ಒಂದು ಭಾನುವಾರ ಬೆಳಿಗ್ಗೆ ಡೋರೀನ್ ಹೊಲಿದ ಪರದೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಳಕ್ಕೆ ಬಂದಳು. ಹಿಂದೆ ಡೆಸ್ಮಂಡ್. ಅವನ ಹಿಂದೆ ಮೇಳ ಸಮಿತಿಯ ಅಧ್ಯಕ್ಷೆ ವಿನಿಫ್ರೆಡ್ ಕ್ಲೆಗ್ ಅಮ್ಮನವರು. ಅಮ್ಮನವರು ಅನ್ನುವುದು ನಾನು ಗೌರವಕ್ಕೆ ಸೇರಿಸಿದ್ದಲ್ಲ, ಭಯಕ್ಕೆ ಸೇರಿಸಿದ್ದು. ನಾನೂ ಬ್ರಶ್ಶು ಹಿಡಿದುಕೊಂಡೇ ರಸ್ತೆ ದಾಟಿದೆ.

“ಬಾಗಿಲು ತೆಗಿ ನೆವಿಲ್, ಪರದೆ ಅಳತೆ ನೋಡ್ಬೇಕು,” ಅಂದಳು ಡೋರೀನ್.

“ವಾರ್ನಿಷ್ ಇನ್ನೂ ಒಣಗಿಲ್ಲ.”

“ಕ್ರಿಸ್‌ಮಸ್‌ನಿಂದ ಒಣಗ್ತಿದೆಯಲ್ಲ ಭಾವ,” ಅಂದ ಡೆಸ್ಮಂಡ್. “ಹಚ್ಚಿದ್ದು ವಾರ್ನಿಷ್ಷೋ, ಜೇನುತುಪ್ಪನೋ?”

“ಸಮಿತಿ ಪರವಾಗಿ ನಾನು ಒಳಗಡೆ ನೋಡ್ಲೇಬೇಕು,” ಅಂದರು ಕ್ಲೆಗ್ ಅಮ್ಮನವರು. “ಸರೀರಿ ಪಕ್ಕಕ್ಕೆ.” ಬಾಗಿಲ ಹಿಡಿಯ ಮೇಲೆ ಕೈ ಇಟ್ಟೇಬಿಟ್ಟರು.

ನೆವಿಲ್‌ನ ಮುಖದ ಬಣ್ಣ ಬಂಡಿಯ ಬಣ್ಣಕ್ಕೆ ಬಂತು. ಕಣ್ಣು ಮುಚ್ಚಿಕೊಂಡು ಕಿರುಚಿದ: “ಮುಟ್ಬೇಡಿ! ಒಳಗೆ ಜೇಡ ಇದೆ!”

ಅಮ್ಮನವರ ಕೈ ತಾನಾಗಿಯೇ ಹಿಂದಕ್ಕೆ ಬಂತು. “ಎಂಥ ಜೇಡ?”

ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಉಚಿತ. “ಕಪ್ಪು. ಹೊಟ್ಟೆ ಮೇಲೆ ಕೆಂಪು ಚುಕ್ಕೆ. ಅರಿಜೋನಾದಿಂದ ಬಂಡಿ ಜೊತೆಗೇ ಬಂದಿದೆ. ಕಚ್ಚಿದ್ರೆ...” ಎಂದು ನಿಲ್ಲಿಸಿ, ನಾಲಿಗೆ ಹೊರಗೆ ಹಾಕಿ, ಕತ್ತು ವಾಲಿಸಿ ತೋರಿಸಿದ. ಬಹಳ ಚೆನ್ನಾಗಿ ತೋರಿಸಿದ, ನನಗೇ ಮೈ ಜುಂ ಅಂದಿತು. ಡೋರೀನಳ ತೋಳಿನಿಂದ ಪರದೆಗಳು ಜಾರಿ ಕೆಳಗೆ ಬಿದ್ದವು.

“ಇಷ್ಟು ದಿನ ಅದ್ರ ಜೊತೆ ಒಬ್ನೇ ಇದ್ಯಾ?” ಅಂದಳು.

ನಮ್ಮೂರು ಇಲಿ ಅಂದರೆ ಹುಲಿ ಅನ್ನುವ ಊರು. ಬೆಳಿಗ್ಗೆ ಕಾಸಿನಗಲ ಇದ್ದ ಜೇಡ ಊಟದ ಹೊತ್ತಿಗೆ ಅಂಗೈಯಗಲ ಆಯಿತು, ಸಂಜೆ ಪಬ್ಬಿನಲ್ಲಿ ಊಟದ ತಟ್ಟೆಯಗಲ ಆಗಿ, ಅದಕ್ಕೊಂದು ಸಂಸಾರವೂ ಆಯಿತು. ಮರುದಿನ ಅಂಚೆಯವನು ನೆವಿಲ್ ಮನೆಯ ಕಾಗದಗಳನ್ನೆಲ್ಲ ನನ್ನ ಅಂಗಡಿಯೊಳಗೆ ಎಸೆದು ಸೈಕಲ್ ಹತ್ತಿದ. ನನ್ನ ಕುರ್ಚಿಯಲ್ಲಿ ಕೂತಿದ್ದ ಪಾದ್ರಿಗಳ ಕಾಲರಿನೊಳಗೆ ಕತ್ತರಿಸಿದ ಕೂದಲು ಜಾರಿತು ನೋಡಿ, “ಕರ್ತನೇ!” ಎಂದು ಎಗರಿ ಅರ್ಧ ಕ್ಷೌರದಲ್ಲೇ ಬೀದಿಗೆ ಓಡಿದರು. ಮುಂದಿನ ಭಾನುವಾರದ ಪ್ರಾರ್ಥನೆಯನ್ನು ಅವರು ಒಂದು ಮಗ್ಗುಲಾಗಿ ನಿಂತೇ ಮಾಡಿದರು.

ಹೆದರಿದ ಜನ ಮನೆಯೊಳಗೆ ಇರಬೇಕಲ್ಲವೇ? ಇಂಗ್ಲೆಂಡಿನಲ್ಲಿ ಹಾಗಿಲ್ಲ. ಹೆದರಿದ ಜನ ಎದುರು ಫುಟ್‌ಪಾತಿನಲ್ಲಿ ಸಾಲಾಗಿ ನಿಂತರು. ಯಾಕೆ ನಿಂತಿದ್ದೇವೆಂದು ಗೊತ್ತಿಲ್ಲದವರೂ ಸಾಲು ಇದೆಯಲ್ಲ ಎಂದು ಹಿಂದೆ ಬಂದು ನಿಂತರು. ಪಕ್ಕದೂರಿನಿಂದ ಬಂದ ಒಬ್ಬ ಸೀದಾ ಮುಂದೆ ಹೋಗಿ ನೋಡಿದ್ದಕ್ಕೆ ಆದ ಗಲಾಟೆ, ಜೇಡ ಹೊರಗೆ ಬಂದಿದ್ದರೂ ಆಗುತ್ತಿರಲಿಲ್ಲ.

ನೆವಿಲ್‌ಗೆ ಈಗ ಬುದ್ಧಿ ಬಂತು. ಯಾರೂ ಹತ್ತಿರ ಬರುವುದಿಲ್ಲ, ಇದೇ ಸಮಯ. ಹಲಗೆಗಳನ್ನು ಬೆಳಕು ಹರಿಯುವ ಮುಂಚೆಯೇ ಕಂಬಳಿಯಲ್ಲಿ ಸುತ್ತಿ ಒಳಗೆ ಸಾಗಿಸಿ, ಬಾಗಿಲು ಹಾಕಿಕೊಂಡು ನೆಲದ ಕೆಲಸಕ್ಕೆ ಕೂತ. ಒಳಗಿಂದ ದಢ್ ಅಂತ ಸುತ್ತಿಗೆ ಸದ್ದು ಬಂದರೆ ಹೊರಗೆ ಸಾಲು, “ಅಯ್ಯೋ!” ಅನ್ನುತ್ತಿತ್ತು.

“ಹೊಡೀತಿದಾನೆ, ಹೊಡೀತಿದಾನೆ!”

ಆಮೇಲೆ ಗರಗಸದ ಸದ್ದು.

“ಇದೇನು ಕುಯ್ಯೋ ಸದ್ದು?”

“ಕಾಲು ಕತ್ತರಿಸ್ತಿರ್ಬೇಕು. ಎಂಟಿದಾವಲ್ಲ, ಹೊತ್ತಾಗತ್ತೆ.”

ಸಂಜೆ ಅವನು ಮೈಯೆಲ್ಲ ಹೊಟ್ಟು ಮಾಡಿಕೊಂಡು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದರೆ ಚಪ್ಪಾಳೆ. ಬೆರಳು ಜಜ್ಜಿದ್ದು ಸುತ್ತಿಗೆ, ಹೆಸರು ಜೇಡಕ್ಕೆ. ಅಕ್ಕಪಕ್ಕದವರು ಹಂದಿಮಾಂಸದ ಕಡುಬು, ಸೇಬಿನ ಕಡುಬು ತಂದುಕೊಟ್ಟರು. ಬಸ್ ಡಿಪೋದಲ್ಲಿದ್ದಾಗ ಅವನ ಹೆಸರೂ ಗೊತ್ತಿಲ್ಲದವರು ಬೆನ್ನು ತಟ್ಟಿದರು. ಅವನಿಗೂ ಎರಡು ದಿನ ಅದು ರುಚಿಸಿತು ಅಂತಲೇ ಕಾಣುತ್ತದೆ, ನಡಿಗೆ ಸ್ವಲ್ಪ ಬದಲಾಗಿತ್ತು.

ರುಚಿ ಕೆಡಿಸಿದವಳು ಡೋರೀನ್. ಅವಳು ಊಟ ಬಿಟ್ಟಳು. ಅವನು ಒಳಗಿರುವಷ್ಟು ಹೊತ್ತೂ ಅಡುಗೆಮನೆ ಕಿಟಕಿಯಲ್ಲಿ ನಿಂತಿರುತ್ತಿದ್ದಳು. ಒಂದು ದಿನ ಅವನು ಹೊರಗೆ ಬಂದಾಗ ತೋಳು ಹಿಡಿದುಕೊಂಡಳು.

“ಬಿಟ್ಬಿಡು ನೆವಿಲ್. ನನಗೆ ಟ್ರೇಲರೂ ಬೇಡ, ಚಹಾನೂ ಬೇಡ, ಮೇಳಾನೂ ಬೇಡ. ಡೆಸ್ಮಂಡ್‌ಗೇ ಕೊಟ್ಬಿಡೋಣ ಜಾಗ. ನೀನು ಬದುಕಿದ್ರೆ ಸಾಕು.”

ನೆವಿಲ್ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕುಸಿದ. “ಲೆನ್, ನಾನು ಮನುಷ್ಯನೇ ಅಲ್ಲ ಕಣೋ,” ಅಂದ. ಅಷ್ಟಕ್ಕೇ ಮುಗಿದಿದ್ದರೆ ಅವನು ಅವತ್ತೇ ಹೇಳಿಬಿಡುತ್ತಿದ್ದನೇನೋ. ಆದರೆ ಕ್ಲೆಗ್ ಅಮ್ಮನವರು ಅಷ್ಟರಲ್ಲಿ ದೂರು ಕೊಟ್ಟಾಗಿತ್ತು.

ಟ್ರಾಂಟರ್ ಸಾಹೇಬರು ಬಂದರು. ಕ್ರಿಮಿಕೀಟಗಳ ಅಧಿಕಾರಿ. ಕೈಯಲ್ಲಿ ಗಾಜಿನ ಭರಣಿ, ಕಂಕುಳಲ್ಲಿ ಕಡತ. ಬಂಡಿಗೆ ದೂರದಿಂದಲೇ ಒಂದು ಸುತ್ತು ಬಂದು, ಅದರ ಮೈಯಲ್ಲಿ ತಮ್ಮ ಟೈ ಸರಿಮಾಡಿಕೊಂಡು, ಅವತ್ತೇ ಚರ್ಚಿನ ಹಜಾರದಲ್ಲಿ ಸಮಿತಿಯ ಸಭೆ ಕರೆಸಿದರು. ಊರೆಲ್ಲ ಬಂತು. ಡೋರೀನ್ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಭ್ಯಾಸಬಲವೋ ಏನೋ, ಆ ಪರದೆಗಳು ಅವಳ ಮಡಿಲಲ್ಲೇ ಇದ್ದವು.

“ವಿಷಜಂತು ಇರೋ ಬಂಡೀಲಿ ತಿಂಡಿ ಮಾರೋಕೆ ಬಿಡೋಕಾಗಲ್ಲ,” ಅಂದರು ಟ್ರಾಂಟರ್. “ಬಂಡಿಗೆ ಮೊಹರು ಹಾಕ್ತೀವಿ.”

“ಹಾಗಾದ್ರೆ ಹೆಬ್ಬಾಗಿಲ ಜಾಗ...” ಎಂದು ಡೆಸ್ಮಂಡ್ ದನಿ ಎಳೆದ.

ಆಗ ನೆವಿಲ್ ಎದ್ದು ನಿಂತ. ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದ. “ಜೇಡ ಇಲ್ಲ,” ಅಂದ. “ಇರ್ಲೇ ಇಲ್ಲ. ನಾನು ಸುಳ್ಳು ಹೇಳ್ದೆ.”

ಕ್ಲೆಗ್ ಅಮ್ಮನವರು ಕನ್ನಡಕದ ಮೇಲಿನಿಂದ ನೋಡಿದರು. “ಸುಳ್ಳಾ? ಯಾಕಪ್ಪಾ ಸುಳ್ಳು ಹೇಳ್ದೆ?”

ನೆವಿಲ್ ಬಾಯಿ ತೆರೆದ. ನೆಲ ಇರಲಿಲ್ಲ ಅನ್ನುವ ಎರಡೇ ಮಾತು ಹೇಳಬೇಕಿತ್ತು. ಡೋರೀನಳ ಕಡೆ ನೋಡಿದ, ಅವಳ ಮಡಿಲಿನ ಪರದೆ ನೋಡಿದ, ಬಾಯಿ ಮುಚ್ಚಿದ. ಹೆಂಡತಿಯ ಜೀವಮಾನದ ಹಣ ಹಾಕಿ ಅಡಿಯಿಲ್ಲದ ಡಬ್ಬಿ ತಂದೆ ಅಂತ ಊರೆದುರು ಹೇಳುವುದಕ್ಕೆ ಯಾರಿಗೆ ಬಾಯಿ ಬರುತ್ತದೆ ಹೇಳಿ.

“ಬಿಡ್ರಿ ಅವನ್ನ!” ಎಂದು ಡೋರೀನ್ ಎದ್ದಳು. ಕಣ್ಣಲ್ಲಿ ನೀರು. “ನನ್ನ ಆಸೆ ತೀರ್ಲಿ ಅಂತ ಹೀಗೆ ಹೇಳ್ತಿದಾನೆ. ಜೇಡ ಕಚ್ಚಿ ಸತ್ರೂ ಪರ್ವಾಗಿಲ್ಲ, ನನ್ನ ಬಂಡಿ ನಿಲ್ಬಾರ್ದು ಅಂತ! ಇವನು ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದ್ದು ನಾನು ಕೇಳಿಲ್ಲ.”

ಹೆಂಗಸರು ಕರವಸ್ತ್ರ ತೆಗೆದರು. ಗಂಡಸರು ಚಪ್ಪಾಳೆ ತಟ್ಟಿದರು. ಪಾದ್ರಿಗಳು ಕ್ಷೌರವಾಗದ ಕಡೆಯನ್ನು ಗೋಡೆಗೆ ತಿರುಗಿಸಿಕೊಂಡು, “ಎಂಥ ಗಂಡ!” ಎಂದು ಉದ್ಗರಿಸಿದರು. ಸತ್ಯ ಹೇಳಿದ ಮನುಷ್ಯ ಅಷ್ಟು ಜನರ ಪ್ರೀತಿಯ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ನಿಂತಿದ್ದ.

“ಸಾಹೇಬ್ರೆ, ನೀವೇ ಬಂದು ಒಳಗಡೆ ನೋಡಿ,” ಎಂದು ಬೇಡಿಕೊಂಡ.

“ವಿಷಜಂತು ಇರೋ ಕಡೆ ನಾನು ಕಾಲಿಡೋ ಹಾಗಿಲ್ಲ. ನಿಯಮ.”

“ಇಲ್ವಲ್ಲ ಸಾಹೇಬ್ರೆ!”

“ಇಲ್ಲ ಅಂತ ಗೊತ್ತಾಗೋದು ಒಳಗೆ ಹೋಗಿ ನೋಡಿದ್ಮೇಲೆ. ಒಳಗೆ ಹೋಗೋಕಾಗೋದು ಇಲ್ಲ ಅಂತ ಗೊತ್ತಾದ್ಮೇಲೆ.” ಟ್ರಾಂಟರ್ ಬಹಳ ದಯೆಯಿಂದಲೇ ವಿವರಿಸಿದರು. “ನೋಡಿ ನೆವಿಲ್, ಇಲ್ಲದ ಜೇಡಕ್ಕೆ ನನ್ನ ಕಡತದಲ್ಲಿ ಜಾಗ ಇಲ್ಲ. ಸತ್ತ ಜೇಡಕ್ಕಿದೆ. ನಾಳೆ ಬೆಳಿಗ್ಗೆ ಬರ್ತೀನಿ. ಹೆಣ ತೋರಿಸಿ, ಕಡತ ಮುಚ್ತೀನಿ. ಹೆಣ ಇಲ್ದಿದ್ರೆ ಮೊಹರು.”

ಈಗ ಹುಟ್ಟದೇ ಇರುವ ಜೇಡದ ಹೆಣ ಹುಡುಕುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಸಭೆ ಮುಗಿದ ಕೂಡಲೇ ನನ್ನ ಅಂಗಡಿಯ ಹಿಂದಿನ ಕೋಣೆಗೆ ಹೋದೆವು. ನಾನು ಅಲ್ಲಿ ಎಷ್ಟು ವರ್ಷದಿಂದ ಗುಡಿಸಿಲ್ಲ ಅನ್ನುವುದು ಆ ದಿನ ಊರಿಗೆ ಉಪಕಾರವಾಯಿತು. ಕನ್ನಡಿಯ ಹಿಂದೆ ಒಂದು ಒಣಗಿದ ಮನೆಜೇಡ ಸಿಕ್ಕಿತು. ಪಾಪ, ಮಾಸಲು ಬಣ್ಣದ ಬಡ ಜೇಡ, ಅಮೆರಿಕ ಹಾಗಿರಲಿ, ಲೀಡ್ಸ್ ನಗರವನ್ನೂ ಕಂಡಿರಲಾರದು. ಅದಕ್ಕೆ ನಾನು ಬೂಟ್ ಪಾಲಿಷ್ ಬಳಿದೆ. ಕೆಂಪು ಚುಕ್ಕೆಗೆ ನನ್ನಲ್ಲಿ ಏನೂ ಇರಲಿಲ್ಲ. ನೆವಿಲ್ ಮನೆಗೆ ಓಡಿ ಡೋರೀನಳ ಉಗುರುಬಣ್ಣದ ಶೀಶೆ ತಂದ. ಅವನು ಕಾಲುಗಳನ್ನು ಹಿಡಿದುಕೊಂಡ, ನಾನು ಹಲ್ಲುಕಡ್ಡಿಯಲ್ಲಿ ಚುಕ್ಕೆ ಇಟ್ಟೆ. ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ನಾಜೂಕಿನ ಶೃಂಗಾರ ಅದು. ಬೆಂಕಿಪೊಟ್ಟಣದೊಳಗೆ ಹತ್ತಿ ಹಾಸಿ ಮಲಗಿಸಿದೆವು.

ಬೆಳಿಗ್ಗೆ ಅಂಗಳದ ತುಂಬ ಜನ. ಟ್ರಾಂಟರ್ ಸಾಹೇಬರು ಭೂತಗನ್ನಡಿ ಹಿಡಿದು ಪೊಟ್ಟಣದೊಳಗೆ ಬಹಳ ಹೊತ್ತು ನೋಡಿದರು. “ಹೂಂ. ಕಪ್ಪು ಇದೆ. ಕೆಂಪೂ ಇದೆ,” ಅಂದರು. ಪೊಟ್ಟಣ ಕ್ಲೆಗ್ ಅಮ್ಮನವರ ಕೈಗೆ ಹೋಯಿತು. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಡೆಸ್ಮಂಡ್‌ಗೆ ಕೊಟ್ಟರು. ಡೆಸ್ಮಂಡ್ ಪೊಟ್ಟಣವನ್ನು ಓರೆಮಾಡಿ, ಮೂಸಿ ನೋಡಿ, “ಇದೇನು ಬೂಟ್ ಪಾಲಿಷ್ ವಾಸ್ನೆ?” ಅಂದ.

“ಅದೇ ಅದ್ರ ವಿಷ,” ಅಂದೆ ನಾನು. ಡೆಸ್ಮಂಡ್ ತಕ್ಷಣ ಉಸಿರು ಬಿಗಿಹಿಡಿದ.

“ನನಗೂ ಕೊಡು,” ಅಂದಳು ಡೋರೀನ್. ಗಂಡನನ್ನು ಕೊಲ್ಲಬೇಕಿದ್ದ ಜಂತು ಹೇಗಿದೆ ಅಂತ ನೋಡದೆ ಅವಳು ಬಿಡುವವಳಲ್ಲ. ಪೊಟ್ಟಣವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಗ್ಗಿದಳು. ಆಗ ನಾನು ಅವಳ ಬೆರಳು ನೋಡಿದೆ. ಉಗುರಿನ ಮೇಲಿನ ಕೆಂಪು, ಜೇಡದ ಮೇಲಿನ ಕೆಂಪು, ಎರಡೂ ಒಂದೇ. ಅವಳೂ ನೋಡಿದಳು. ಜೇಡ ನೋಡಿದಳು, ಉಗುರು ನೋಡಿದಳು, ತಲೆಯೆತ್ತಿ ನೆವಿಲ್‌ನ ಮುಖ ನೋಡಿದಳು. ನೆವಿಲ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

“ಅಮ್ಮಾ, ನೀವು ಮನೆಯವ್ರು,” ಅಂದರು ಟ್ರಾಂಟರ್, ಪೆನ್ನು ತೆಗೆದು. “ನೀವು ಹೂಂ ಅಂದ್ರೆ ಮುಗೀತು. ಇಷ್ಟು ದಿನ ಒಳಗಿದ್ದದ್ದು ಇದೇನಾ?”

ಅವಳು ಉತ್ತರ ಕೊಡಲು ತೆಗೆದುಕೊಂಡ ಹೊತ್ತಿನಲ್ಲಿ ನಾನು ಮೂರು ತಲೆ ಬೋಳಿಸಬಹುದಿತ್ತು. ಆಮೇಲೆ ಪೊಟ್ಟಣ ಮುಚ್ಚಿದಳು. ಕೈಗಳನ್ನು ಏಪ್ರನ್ನಿನ ಜೇಬಿನೊಳಗೆ ಇಳಿಬಿಟ್ಟಳು.

“ಇದೇ,” ಅಂದಳು. “ಇದೇ ಜೇಡ.”

ಕಡತ ಮುಚ್ಚಿತು. ಕ್ಲೆಗ್ ಅಮ್ಮನವರು ಜಾಗ ಡೋರೀನ್‌ದೇ ಎಂದು ಘೋಷಿಸಿದರು. ಜನ ಕೈ ತಟ್ಟಿ, ನೆವಿಲ್‌ನ ಬೆನ್ನು ತಟ್ಟಿ, ಚದುರಿದರು. ಡೋರೀನ್ ಅಲುಗಾಡಲಿಲ್ಲ. ಎಲ್ಲರೂ ಹೋದ ಮೇಲೆ ಬಂಡಿಯ ಬಾಗಿಲು ತೆಗೆದು, “ಒಳಗೆ ಬಾ,” ಅಂದಳು. ಆ ದನಿಯಲ್ಲಿ ಅವಳು ಶಾಲೆಯಲ್ಲಿ ನೂರಾರು ಮಕ್ಕಳನ್ನು ಒಂದೇ ಸಲ ಕೂರಿಸುತ್ತಿದ್ದಳು. ನಾನು ಬಂಡಿಯ ಹೊರಗೆ, ಬೂಟಿನ ದಾರ ಕಟ್ಟಿಕೊಳ್ಳುತ್ತಾ ನಿಂತೆ. ದಾರ ಬಹಳ ಉದ್ದ ಇತ್ತು.

“ಹೇಳು.”

“ನೆಲ ಇರ್ಲಿಲ್ಲ ಡೋರೀನ್.”

“ಏನು?”

“ಬಂಡಿ ಬಂದಾಗ ನೆಲ ಇರ್ಲಿಲ್ಲ. ಕೊಳೆತುಹೋಗಿತ್ತು. ನಿನ್ನ ದುಡ್ಡೆಲ್ಲ ಹಾಕಿ ತಂದೆ. ನಿನಗೆ ಹೇಗೆ ಹೇಳ್ಲಿ?”

“ನೆಲ ಇಲ್ದಿದ್ರೆ ನೆಲ ಇಲ್ಲ ಅನ್ಬೇಕು! ನಾನೇನು ನಿನ್ನ ತಿಂದ್ಬಿಡ್ತಿದ್ನಾ? ಕಿಟಕೀಲಿ ನಿಂತು ಅತ್ತಿದೀನಿ ನೆವಿಲ್. ಒಂದೊಂದು ಸುತ್ತಿಗೆ ಸದ್ದಿಗೂ ನೀನು ಬದುಕಿದೀಯ ಅಂದ್ಕೊಳ್ತಿದ್ದೆ. ಸದ್ದು ನಿಂತ್ರೆ ಸತ್ತೆ ಅಂದ್ಕೊಳ್ತಿದ್ದೆ. ದುಡ್ಡು ಹೋದ್ರೆ ಹೋಗ್ಲಿ ಅಂತ ಬೈದು ಸುಮ್ನಾಗ್ತಿದ್ದೆ ನಾನು. ಇದನ್ನ ಹೇಗೆ ಮರೀಲಿ?”

“ನಾಚ್ಕೆ ಆಯ್ತು,” ಅಂದ ನೆವಿಲ್. ಅವನು ಅಳುತ್ತಿದ್ದ. “ಕ್ಷಮಿಸು ಅಂತ ಕೇಳೋಕೂ ನಾಚ್ಕೆ ಆಗ್ತಿದೆ.”

ಆಮೇಲೆ ಹೆಜ್ಜೆಯ ಸದ್ದು. ಅವಳು ಈ ತುದಿಯಿಂದ ಆ ತುದಿಗೆ ನಡೆದಳು, ವಾಪಸು ಬಂದಳು, ನಡುಮಧ್ಯದಲ್ಲಿ ನಿಂತು ಹಿಮ್ಮಡಿಯಿಂದ ಎರಡು ಸಲ ಜೋರಾಗಿ ಕುಟ್ಟಿದಳು.

“ಇದನ್ನ ನೀನೊಬ್ನೇ ಹಾಕ್ದ್ಯಾ?”

“ಹೂಂ.”

“ಗಟ್ಟಿ ಇದೆ,” ಅಂದಳು. ಮೂಗು ಒರೆಸಿಕೊಂಡಳು. “ಕಟ್ಟೆ ಎಲ್ಲಿ? ಒಲೆ ಎಲ್ಲಿ? ಕಿಟಕಿ ಯಾವಾಗ ಕೊರೀತೀಯ? ಲೆನ್, ದಾರ ಕಟ್ಟಿದ್ದು ಸಾಕು, ಒಳಗೆ ಬಂದು ಈ ಹಲಗೆ ಆ ಕಡೆ ಹಿಡ್ಕೋ.”

ಮೇಳದವರೆಗೆ ನನ್ನ ಅಂಗಡಿ ನಡೆಯಲಿಲ್ಲ. ಊರಿನವರೆಲ್ಲ ಕುರಿಗಳ ಜೊತೆ ಕುರಿಗಳ ಹಾಗೇ ಕೂದಲು ಬಿಟ್ಟುಕೊಂಡು ಮೇಳಕ್ಕೆ ಬಂದರು. ಬಾಗಿಲು ಹುಲ್ಲಿನ ಕಡೆಗೆ, ಹೊಸ ಕಿಟಕಿ ಜನರ ಕಡೆಗೆ ಬರುವಂತೆ ಬಂಡಿ ನಿಲ್ಲಿಸಿದ್ದೆವು. ಕಿಟಕಿಯಲ್ಲಿ ಡೋರೀನ್, ಹಿಂದೆ ಚಹಾ ಕಪ್ಪು ತೊಳೆಯಲು ನೆವಿಲ್. ಎರಡು ವಾರದಿಂದ ಅವಳು ಅವನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಸಾಲು ಮಾತ್ರ ಈರುಳ್ಳಿ ಡೇರೆ ದಾಟಿ ಕುರಿಗಳ ದೊಡ್ಡಿಯವರೆಗೆ ಹೋಗಿತ್ತು. ಕಸ್ಟರ್ಡ್ ತಿಂದು ಬೆಳೆದ ಮೀಸೆಯವರು ಪಾರ್ಕಿನ್ ಬಾಯಿಗಿಟ್ಟು, ಕಿಚಾಯಿಸುವುದು ಮರೆತು, ಇನ್ನೊಂದು ಕೊಡು ಅಂದರು. ಅವಳ ಮುಖ ನೋಡಬೇಕಿತ್ತು ನೀವು.

ಮಧ್ಯಾಹ್ನ ಡೆಸ್ಮಂಡ್ ಬಂದ. ಅವನ ಸಾಸೇಜು ಬಂಡಿ ಆ ತುದಿಯ ಪಾಯಖಾನೆಗಳ ಪಕ್ಕ ನಿಂತಿತ್ತು, ಗಿರಾಕಿಗಳು ಇದ್ದರೂ ಆತುರದಲ್ಲಿರುತ್ತಿದ್ದರು. ಅವನ ಹಿಂದೆ ಟ್ರಾಂಟರ್ ಸಾಹೇಬರು, ಅವರ ಹಿಂದೆ ಕ್ಲೆಗ್ ಅಮ್ಮನವರು.

“ಭಾವ, ಎಲ್ರೂ ಕೇಳ್ತಿದಾರೆ,” ಅಂದ ಡೆಸ್ಮಂಡ್, ಕಣ್ಣು ಕಿರಿದು ಮಾಡಿ. “ಆ ಜೇಡನ ಅದ್ಹೇಗೆ ಕೊಂದ್ರಿ? ಒಂದ್ಸಲ ನಿಮ್ಮ ಬಾಯಲ್ಲೇ ಕೇಳೋಣ.”

ಸಾಲೆಲ್ಲ ಕತ್ತು ಚಾಚಿತು. ನೆವಿಲ್ ಕೈಯಲ್ಲಿದ್ದ ಚಹಾ ಕಪ್ಪು ಕೆಳಗಿಟ್ಟ. ಮುಖ ಬಿಳಿಚಿಕೊಂಡಿತು, ಆದರೆ ಈ ಸಲ ಕಣ್ಣು ಬೂಟಿನ ಕಡೆ ಹೋಗಲಿಲ್ಲ. “ನಿಜ ಹೇಳ್ಬೇಕು ಅಂದ್ರೆ ಡೆಸ್ಮಂಡ್...” ಎಂದು ಶುರುಮಾಡಿದ. ಹೇಳಿಯೇಬಿಡುತ್ತಿದ್ದ ಪುಣ್ಯಾತ್ಮ.

ಡೋರೀನ್ ಒದ್ದೆ ಕೈಯನ್ನು ಹಿಂದಕ್ಕೆ ಚಾಚಿ ಅವನ ಕೈ ಹಿಡಿದಳು.

“ಅವನಿಗೆ ಹೇಳೋಕೆ ಬರಲ್ಲ, ನಾನು ಹೇಳ್ತೀನಿ.”

“ನೀನು ನೋಡಿದ್ಯಾ ಅಕ್ಕ, ಕಣ್ಣಾರೆ?”

“ನೋಡ್ದೆ. ಇವನು ಹೆದರಿದ್ದನ್ನೂ ನೋಡ್ದೆ, ಹೆದರ್ಕೊಂಡೇ ದಿನಾ ಒಳಗೆ ಹೋಗಿ ಕೆಲ್ಸ ಮುಗ್ಸಿದ್ದನ್ನೂ ನೋಡ್ದೆ. ಸಕ್ಕರೆ ಎಷ್ಟು ಹೇಳು ಬೇಗ, ಹಿಂದೆ ಜನ ಕಾಯ್ತಿದಾರೆ.”